ಜಯನಗರದ ಹೋಟೆಲಿನಲ್ಲಿ ಅರ್ಧ ಲೋಟ ಕಾಫಿ

ಹರಿಹರದ ಸೇತುವೆ

ಪರದೇಶ ನೋಡಿ ಬಂದವರು ಮೊದಲು ಹಡಗಿನ ಮಾತು ತೆಗೆಯುತ್ತಾರೆ. ನಾನು ಹಡಗು ಹತ್ತಲಿಲ್ಲ. ಪಾಸ್‌ಪೋರ್ಟಿಗೆ ಫೋಟೋ ತೆಗೆಸಲಿಲ್ಲ, ಸೂಟು ಹೊಲಿಸಲಿಲ್ಲ. ಧಾರವಾಡದ ಸ್ಟೇಶನ್ನಿನಲ್ಲಿ ಮೂರನೆಯ ದರ್ಜೆಯ ಡಬ್ಬಿ ಹತ್ತಿ, ಹೆಂಡತಿಯನ್ನೂ ಒಂದು ಗಂಟು ಜೋಳದ ರೊಟ್ಟಿಯನ್ನೂ ಜೊತೆಗಿಟ್ಟುಕೊಂಡು ಪರದೇಶಕ್ಕೆ ಹೋಗಿ ಬಂದೆ. ಇದು ರಾಜ್ಯಗಳು ಒಂದಾಗುವುದಕ್ಕೆ ಮುಂಚಿನ ಮಾತು. ಆಗ ನಾವು ಮುಂಬಯಿ ಸರಕಾರದ ಪ್ರಜೆಗಳು, ಬೆಂಗಳೂರಿನವರು ಮೈಸೂರು ಸರಕಾರದವರು. ನಡುವೆ ಹರಿಹರದಲ್ಲಿ ತುಂಗಭದ್ರೆ ಹರಿಯುತ್ತಿದ್ದಳು. ಅದಕ್ಕಿಂತ ದೊಡ್ಡ ಸಮುದ್ರವನ್ನು ನಾನು ಈವರೆಗೆ ದಾಟಿಲ್ಲ.

ಹೋದ ಕಾರಣ ಹೀಗಿದೆ. ನಾನು ಹೊಲಿಗೆ ಯಂತ್ರ ಮಾರುವ ಒಂದು ಕಂಪನಿಯಲ್ಲಿ ಹೆಡ್ ಕ್ಲಾರ್ಕ್. ಕಂಪನಿಯವರು ಬೆಂಗಳೂರಿನಲ್ಲಿ ಹೊಸ ಶಾಖೆ ತೆರೆದು, ಅದಕ್ಕೆ ಮ್ಯಾನೇಜರಾಗಿ ಹೋಗುತ್ತೀಯಾ ಎಂದು ಕೇಳಿದರು. ಮ್ಯಾನೇಜರ್ ಎಂಬ ಶಬ್ದವನ್ನು ನಾಲಗೆಯ ಮೇಲೆ ಹೊರಳಿಸಿ ನೋಡಿದೆ, ಬಹಳ ರುಚಿಯಾಗಿತ್ತು. ಮನೆಗೆ ಬಂದು ನನ್ನ ಹೆಂಡತಿ ಗಂಗಾಬಾಯಿಗೆ ಹೇಳಿದೆ. ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಒಮ್ಮೆ ಆ ಊರು ನೋಡಿ ಬರೂಣು. ಅಲ್ಲೆ ಒಂದು ಹೊತ್ತು ಹೊಟ್ಟಿ ತುಂಬ ಉಣಬೇಕು, ಒಬ್ಬರ ಕೂಡನಾದ್ರೂ ಮನಸು ಬಿಚ್ಚಿ ಮಾತಾಡಬೇಕು. ಅಷ್ಟು ಆದ್ರ ಬರತೀನಿ. ಇಲ್ಲಾಂದ್ರ ನಾ ಬರಂಗಿಲ್ಲ, ನೀವೂ ಹೋಗೂದು ಬ್ಯಾಡ" ಎಂದಳು.

ನ್ಯಾಯವಾದ ಮಾತು. ನಾನೂ ತಲೆಯಾಡಿಸಿದೆ. ತಲೆಯಾಡಿಸಿದ ಮರುದಿನವೇ ಆಫೀಸಿಗೆ ಹೋಗಿ, "ತಾವು ಕೊಟ್ಟ ಹುದ್ದೆಯನ್ನು ನಾನೂ ನನ್ನ ಕುಟುಂಬವೂ ಸಂತೋಷದಿಂದ ಒಪ್ಪಿಕೊಂಡಿದ್ದೇವೆ" ಎಂದು ಕಾಗದ ಬರೆದು ಕಳಿಸಿಬಿಟ್ಟೆ. ತಡ ಮಾಡಿದರೆ ಮತ್ತೊಬ್ಬರಿಗೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಹೆಂಡತಿಯನ್ನು ಆಮೇಲೆ ಒಪ್ಪಿಸಿದರಾಯಿತು ಎಂಬ ಧೈರ್ಯ ಬೇರೆ. ಹದಿನಾರು ವರ್ಷ ಸಂಸಾರ ಮಾಡಿದ ಮೇಲೆ ಗಂಡಸಿಗೆ ಇಂಥ ಧೈರ್ಯ ಎಲ್ಲಿಂದ ಬರುತ್ತದೆಯೋ ತಿಳಿಯದು.

ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ಯುಗಾದಿಗೆ ಎರಡು ದಿನ ಇದೆ ಎನ್ನುವಾಗ ಹೊರಟೆವು. ಹೊತ್ತು ಮುಳುಗುವಾಗ ಗಾಡಿ ಹರಿಹರದ ಸೇತುವೆಯ ಮೇಲೆ ಬಂತು. ಗಂಗಾಬಾಯಿ ಹೊಳೆಗೆ ಕೈಮುಗಿದು, "ನಮ್ಮ ಸೀಮಿ ಇಲ್ಲಿಗೆ ಮುಗೀತು" ಎಂದಳು. ನನ್ನ ಎದೆಯೊಳಗೆ ಆ ಕಾಗದ ಚುರ್ ಎಂದಿತು. ಊಟ ಒಂದು ಚೆನ್ನಾಗಿ ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಜಯನಗರ

ಮರುದಿನ ಬೆಳಿಗ್ಗೆ ಬೆಂಗಳೂರಿನ ಸ್ಟೇಶನ್ನಿನಲ್ಲಿ ವೆಂಕಟಸುಬ್ಬಯ್ಯನವರು ಕಾದಿದ್ದರು. ಹೊಸ ಶಾಖೆಯ ಗುಮಾಸ್ತರು. ಕೋಟು, ಪಂಚೆ, ತಲೆಗೆ ಟೋಪಿ, ಕೈಯಲ್ಲಿ ಕೊಡೆ. ಅವರ ಮನೆ ಜಯನಗರದಲ್ಲಿತ್ತು. ಆ ಬಡಾವಣೆಯನ್ನು ಅವರೇ ಹೆತ್ತು ಸಾಕಿದ ಹಾಗೆ ಮಾತಾಡುತ್ತಿದ್ದರು.

"ಬನ್ನಿ ಸಾರ್, ಬನ್ನಿ ಅಮ್ಮಾ. ಇಲ್ಲೇ ಹತ್ರ" ಎಂದರು.

ಲಾಲ್‌ಬಾಗಿನ ಬಳಿ ಬಸ್ಸು ಇಳಿದ ಮೇಲೆ 'ಇಲ್ಲೇ ಹತ್ರ' ಎಂಬುದನ್ನು ಮುಕ್ಕಾಲು ಗಂಟೆ ನಡೆದೆವು. ನಮ್ಮ ಕಡೆ ದಾರಿ ಕೇಳಿದರೆ ಎರಡು ಹರದಾರಿ, ಮೂರು ಹರದಾರಿ ಎಂದು ಹೇಳಿ, ಕೇಳಿದವನನ್ನು ಮೊದಲೇ ದಣಿಸಿಬಿಡುತ್ತಾರೆ. ಇಲ್ಲಿಯವರು ಹಾಗಲ್ಲ, ದಣಿಯುವ ಕೆಲಸವನ್ನು ನಮ್ಮ ಕಾಲಿಗೇ ಬಿಡುತ್ತಾರೆ.

ದಾರಿಯುದ್ದಕ್ಕೂ ಕಲ್ಲು ನೆಟ್ಟ ಖಾಲಿ ನಿವೇಶನಗಳು. ಅಲ್ಲೊಂದು ಇಲ್ಲೊಂದು ಹೊಸ ಮನೆ. ವೆಂಕಟಸುಬ್ಬಯ್ಯನವರು ಕೊಡೆಯನ್ನು ಚಾಚಿ ಚಾಚಿ ತೋರಿಸಿದರು. "ಇಲ್ಲಿ ಪಾರ್ಕ್ ಬರುತ್ತೆ ಸಾರ್. ಅಲ್ಲಿ ಮಾರ್ಕೆಟ್ ಬರುತ್ತೆ. ಈ ಮೂಲೇಲಿ ಲೈಬ್ರರಿ ಬರುತ್ತೆ." ಪಾರ್ಕಿನಲ್ಲಿ ಭೈರಸಂದ್ರದ ಎಮ್ಮೆಗಳು ಮೇಯುತ್ತಿದ್ದವು. ಲೈಬ್ರರಿಯಲ್ಲಿ ಒಬ್ಬ ರೈತ ಹುರುಳಿ ಒಣಹಾಕಿದ್ದ. ಗಂಗಾಬಾಯಿ ನನ್ನ ಹತ್ತಿರ ಸರಿದು, "ಈ ಊರಾಗ ಎಲ್ಲಾ ಬರೂದನ ಐತಿ. ಬಂದವರು ನಾವಿಬ್ಬರ" ಎಂದಳು.

ಒಂದು ತಿರುವಿನಲ್ಲಿ ಕಾಫಿಯಂಗಡಿ ಇತ್ತು. ಕೂತೆವು. ವೆಂಕಟಸುಬ್ಬಯ್ಯನವರು ನಮ್ಮಿಬ್ಬರನ್ನೂ ತೋರಿಸಿ ಅಂಗಡಿಯವನಿಗೆ, "ಒಂದು ಬೈ ಟೂ" ಎಂದು ಕೂಗಿದರು. ಒಂದು ಕಾಫಿ ಎರಡು ಲೋಟಗಳಲ್ಲಿ ಅರ್ಧರ್ಧವಾಗಿ ಬಂತು. ತಮಗೆ ವ್ರತ, ಕುಡಿಯುವುದಿಲ್ಲ ಎಂದರು. ನಾನು ಲೋಟದೊಳಗೆ ಇಣುಕಿ ನೋಡಿದೆ. ಕಾಫಿ ತಳದಲ್ಲಿ ಎಲ್ಲೋ ಇತ್ತು. ನಮ್ಮಲ್ಲಿ ಬೀಗರಿಗಿರಲಿ, ಬಾಡಿಗೆ ಕೇಳಲು ಬಂದವನಿಗೂ ಚಹಾ ಕೊಟ್ಟರೆ ಕಪ್ಪಿನ ಕೆಳಗಿನ ಬಶಿಗೆ ತುಳುಕುವ ಹಾಗೆ ಕೊಡುತ್ತೇವೆ. ಒಂದು ರಾತ್ರಿಯ ಗಾಡಿ ಪಯಣ ಮಾಡಿ ಬಂದವರಿಗೆ ಅರ್ಧ ಲೋಟ! ಗಂಗಾಬಾಯಿಯ ಮುಖ ನೋಡಿದೆ. ಆಕೆ ಒಂದೇ ಗುಟುಕಿಗೆ ಮುಗಿಸಿ ಲೋಟವನ್ನು ಬಹಳ ಮೃದುವಾಗಿ ಕೆಳಗಿಟ್ಟಳು. ಆಕೆ ಪಾತ್ರೆಗಳನ್ನು ಮೃದುವಾಗಿ ಇಡುವುದು ಸಿಟ್ಟು ಬಂದಾಗ ಮಾತ್ರ.

ನಾವು ಉಳಿದುಕೊಂಡದ್ದು ನಮಗೆ ಬಾಡಿಗೆಗೆ ಗೊತ್ತುಮಾಡಿದ್ದ ಮನೆಯಲ್ಲೇ. ಭೈರಸಂದ್ರದ ಒಬ್ಬ ರೈತರು ತಮ್ಮ ರಾಗಿ ಹೊಲ ಬಡಾವಣೆಗೆ ಹೋದ ಮೇಲೆ ಕಟ್ಟಿಸಿದ ಮನೆ ಅದು. ಕೀಲಿಕೈ ಕೊಡಲು ಬಂದವರು ಅಡಿಗೆ ಮನೆಯ ನೆಲವನ್ನು ಕಾಲಿನಿಂದ ತಟ್ಟಿ, "ಇಲ್ಲಿ ಬೆಳೆ ಚೆನ್ನಾಗ್ ಬರ್ತಿತ್ತು ಕಣಮ್ಮ" ಎಂದರು. ಸುಣ್ಣದ ವಾಸನೆ, ದೊಡ್ಡ ಕಿಟಕಿಗಳು, ಕಿಟಕಿಯಾಚೆ ಬಯಲು. ಗಂಗಾಬಾಯಿ ನಾಲ್ಕೂ ದಿಕ್ಕಿಗೆ ನೋಡಿ ಕೇಳಿದಳು: "ಇಲ್ಲೆ ಹಿತ್ತಲದಾಗ ನಿಂತು ಯಾರನ್ನ ಕರೀಲಿ?"

ಧಾರವಾಡದ ನಮ್ಮ ಓಣಿಯಲ್ಲಿ ಆಕೆ ಒಗ್ಗರಣೆ ಹಾಕಿದರೆ ಆಚೆಮನೆಯಾಕೆ ಸೀನಿ, ಏನು ಪಲ್ಯ ಎಂದು ಅಲ್ಲಿಂದಲೇ ಕೇಳುತ್ತಾಳೆ. ಇಲ್ಲಿ ಸೀನುವುದಕ್ಕೂ ಯಾರೂ ಇರಲಿಲ್ಲ. "ಬರ್ತಾರ" ಎಂದೆ.

ಯುಗಾದಿಯ ಬೆಳಗು

ಹಬ್ಬದ ಊಟ ವೆಂಕಟಸುಬ್ಬಯ್ಯನವರ ಮನೆಯಲ್ಲಿ ಎಂದು ತೀರ್ಮಾನವಾಗಿತ್ತು. ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ ಎಂದು ಹಿಂದಿನ ದಿನವೆಲ್ಲ ಅವರು ಹೇಳಿ ಹೇಳಿ ನಮ್ಮ ಹಸಿವೆಗೆ ಸಾಣೆ ಹಿಡಿದಿದ್ದರು. ನನಗೂ ನಿಶ್ಚಿಂತೆ. ಮನೆಯೂಟ, ಜೊತೆಗೆ ಅವರ ಮನೆಯಾಕೆಯೊಡನೆ ಮಾತು. ಗಂಗಾಬಾಯಿಯ ಎರಡು ಕರಾರೂ ಒಂದೇ ಎಲೆಯ ಮೇಲೆ ಮುಗಿಯುತ್ತವೆ ಎಂದು ಲೆಕ್ಕ ಹಾಕಿದ್ದೆ.

ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ, ಪಕ್ಕದ ನಿವೇಶನದ ಬೇವಿನ ಹೂವಿಗೆ ಊರಿನಿಂದ ತಂದ ಬೆಲ್ಲ ಸೇರಿಸಿ ತಿಂದು ಕೂತಿದ್ದೆವು. ಹತ್ತು ಗಂಟೆಗೆ ವೆಂಕಟಸುಬ್ಬಯ್ಯನವರು ಬಂದರು. ಒಳಗೆ ಬರಲಿಲ್ಲ. ಅಂಗಳದಲ್ಲಿ ದೂರ ನಿಂತು, ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ಹೇಳಿದರು.

"ಕೆಲಸ ಕೆಟ್ಟೋಯ್ತು ಸಾರ್. ತುಮಕೂರಲ್ಲಿ ನಮ್ಮಣ್ಣನ ಸೊಸೆಗೆ ಗಂಡು ಮಗು ಆಗಿದೆ. ಈಗ ತಾನೆ ತಂತಿ ಬಂತು."

"ಅದು ಸಂತೋಷದ ಸುದ್ದಿ ಅಲ್ಲೇನ್ರಿ?" ಎಂದೆ.

"ಸಂತೋಷವೇ ಸಾರ್. ಆದ್ರೆ ಪುರುಡು ಬಂತಲ್ಲ! ಹತ್ತು ದಿನ ಮನೇಲಿ ಹಬ್ಬ ಇಲ್ಲ, ದೇವರ ಪೂಜೆ ಇಲ್ಲ, ಹೊರಗಿನವರಿಗೆ ಊಟ ಹಾಕೋ ಹಾಗಿಲ್ಲ. ಹೂರಣ ರುಬ್ಬಿ ಆಗಿತ್ತು. ಹಸುವಿಗೆ ಹಾಕಿದ್ವಿ."

ಹುಟ್ಟಿ ಒಂದು ದಿನವಾಗದ ಕೂಸು ತುಮಕೂರಿನಲ್ಲಿ ಮಲಗಿಕೊಂಡೇ ಜಯನಗರದ ನನ್ನ ಒಬ್ಬಟ್ಟನ್ನು ಹಸುವಿನ ಬಾಯಿಗೆ ಹಾಕಿತ್ತು. ತಂತಿಯಣ್ಣ ಊಟವಾದ ಮೇಲೆ ಬಂದಿದ್ದರೆ ಏನು ಹೋಗುತ್ತಿತ್ತು? ತಿಳಿಯುವ ತನಕ ಪುರುಡಿಲ್ಲ. ಈ ವಿಷಯದಲ್ಲಿ ಮಾತ್ರ ನಮ್ಮ ದೇಶಕ್ಕೂ ಈ ದೇಶಕ್ಕೂ ಒಂದೇ ಕಾನೂನು.

"ನೀವೇನೂ ಯೋಚನೆ ಮಾಡ್ಬೇಡಿ" ಎಂದರು ವೆಂಕಟಸುಬ್ಬಯ್ಯನವರು. "ಹೊಸದಾಗಿ ಒಂದು ಹೋಟ್ಲು ಆಗಿದೆ. ಬ್ರಾಹ್ಮಣರದೇ. ಸಂಜೆ ಆರಕ್ಕೆ ಹಬ್ಬದ ಸ್ಪೆಷಲ್ ಊಟ. ಮನೆ ಊಟ ಅದರ ಮುಂದೆ ಏನೂ ಇಲ್ಲ. ನಾನೂ ಬರ್ತೀನಿ. ಹೋಟ್ಲಿಗೆ ಪುರುಡಿಲ್ಲವಲ್ಲ!"

ಗಂಗಾಬಾಯಿ ಅಲ್ಲಿಯವರೆಗೆ ಹೋಟೆಲಿನ ಮೆಟ್ಟಿಲು ತುಳಿದವಳಲ್ಲ. ಆಕೆ ಬೇಡ ಎನ್ನುತ್ತಾಳೆ ಎಂದುಕೊಂಡೆ. ಆದರೆ, "ಈ ಊರಾಗ ಇರಬೇಕಾದ್ರ ಇದೂ ನೋಡಬೇಕಲ್ಲ" ಎಂದು ಒಪ್ಪಿದಳು. ಮಧ್ಯಾಹ್ನಕ್ಕೆ ಊರಿನಿಂದ ತಂದ ಹಚ್ಚಿದ ಅವಲಕ್ಕಿ ತಿಂದೆವು. ಅದೂ ಸ್ವಲ್ಪವೇ. ಸಂಜೆಯ ಊಟಕ್ಕೆ ಹೊಟ್ಟೆಯಲ್ಲಿ ಜಾಗ ಇರಲಿ ಎಂದು ನಾನೇ ತಡೆದೆ.

ಹೋಟೆಲಿನ ಬಾಗಿಲು

ಸಂಜೆ ಆರೂವರೆಗೆ ಅಲ್ಲಿಗೆ ಮುಟ್ಟಿದಾಗ ಇಡೀ ಜಯನಗರಕ್ಕೇ ಪುರುಡು ಬಂದಿದೆಯೋ ಎನಿಸಿತು. ಎರಡು ದಿನ ಒಬ್ಬ ಮನುಷ್ಯನೂ ಕಣ್ಣಿಗೆ ಬೀಳದ ಆ ಬಯಲಿನಲ್ಲಿ ಇಷ್ಟು ಜನ ಎಲ್ಲಿ ಅಡಗಿದ್ದರೋ. ಹೊಸ ಸೀರೆ, ಹೊಸ ಅಂಗಿ, ಮಲ್ಲಿಗೆ ಹೂವು. ಹನುಮಂತನಗರದಿಂದ ನಡೆದುಕೊಂಡು ಬಂದವರೂ ಇದ್ದರು.

ಬಾಗಿಲಲ್ಲಿ ಒಂದು ಕಪ್ಪು ಹಲಗೆ. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಮುತ್ತಿನಂಥ ಅಕ್ಷರ: ಒಬ್ಬಟ್ಟು, ಚಿತ್ರಾನ್ನ, ಆಂಬೊಡೆ, ಕೋಸಂಬರಿ, ಮಜ್ಜಿಗೆಹುಳಿ, ಪಾಯಸ, ಮೊಸರನ್ನ. ಅದನ್ನು ಓದಿಯೇ ನನ್ನ ಬಾಯಲ್ಲಿ ನೀರು ಬಂತು. ಗಂಗಾಬಾಯಿಯೂ ಓದಿದಳು. ಆಕೆಯ ಮುಖದಲ್ಲಿ ಎರಡು ದಿನಗಳಲ್ಲಿ ಮೊದಲ ಸಲ ಸ್ವಲ್ಪ ಬೆಳಕು ಕಂಡೆ. ನಾವು ಓದುತ್ತಿರುವಾಗಲೇ ಒಳಗಿನಿಂದ ಮಾಣಿ ಬಂದ. ಮಾಣಿ ಎಂದರೆ ನಡುವಯಸ್ಸಿನ, ಅರ್ಧ ತಲೆ ಬೋಳಾದ ಮನುಷ್ಯ. ಒದ್ದೆ ಬಟ್ಟೆಯಿಂದ ಆಂಬೊಡೆಯನ್ನು ಒರೆಸಿ ಹೋದ.

"ಬೇಗ ಬನ್ನಿ ಸಾರ್" ಎಂದು ವೆಂಕಟಸುಬ್ಬಯ್ಯನವರು ನುಗ್ಗಿದರು.

ಇಲ್ಲಿ ಈ ದೇಶದ ಒಂದು ಪದ್ಧತಿಯನ್ನು ನಮ್ಮ ಓದುಗರಿಗೆ ವಿವರಿಸಬೇಕು. ನಮ್ಮ ಖಾನಾವಳಿಯಲ್ಲಿ ಒಂದು ಪಂಕ್ತಿ ಏಳುವ ತನಕ ಮುಂದಿನ ಪಂಕ್ತಿಯವರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ ರಾಜಕೀಯ ಮಾತಾಡುತ್ತಾರೆ. ಎಲ್ಲರೂ ಕೂಡಿ ಕೂಡುತ್ತಾರೆ, ಕೂಡಿ ಏಳುತ್ತಾರೆ. ಬೆಂಗಳೂರಿನಲ್ಲಿ ಹಾಗಲ್ಲ. ಉಣ್ಣುವವನ ಕುರ್ಚಿಯ ಹಿಂದೆ ಹೋಗಿ, ಬೆನ್ನಿಗೆ ಮೀಸೆ ತಾಕುವಷ್ಟು ಹತ್ತಿರ ನಿಲ್ಲಬೇಕು. ಅವನ ಎಲೆಯನ್ನೇ ನೋಡುತ್ತಿರಬೇಕು. ಅವನು ಎದ್ದ ಕ್ಷಣದಲ್ಲಿ ಆ ಕುರ್ಚಿ ನಿಮ್ಮದು. ಹೀಗೆ ಬೆನ್ನ ಹಿಂದೆ ಬಂದು, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕಾಯುವುದು ನಮ್ಮ ಕಡೆ ಯಮಧರ್ಮರಾಯನ ಕೆಲಸ. ಇಲ್ಲಿ ಅದನ್ನು ಗೌರವಸ್ಥರೇ ಮಾಡುತ್ತಿದ್ದರು.

ನಾನು ಸಂಕೋಚಪಟ್ಟು ಬಾಗಿಲ ಬಳಿ ಗೋಡೆಗೊರಗಿ ನಿಂತೆ. ಹತ್ತು ನಿಮಿಷದಲ್ಲಿ ನನ್ನ ಹಿಂದೆ ಬಂದವರೆಲ್ಲ ಕೂತು ಉಣ್ಣಲು ಸುರುಮಾಡಿದರು. ಮಾಣಿ ಮತ್ತೆ ಬಂದು ಪಾಯಸವನ್ನು ಒರೆಸಿದ.

"ಸಾರ್, ಹಾಗೆ ನಿಂತ್ರೆ ಮುಂದಿನ ಯುಗಾದಿಗೆ ಸೀಟು" ಎಂದು ವೆಂಕಟಸುಬ್ಬಯ್ಯನವರು ನನ್ನನ್ನು ಎಳೆದೊಯ್ದು ಒಬ್ಬ ದಪ್ಪನೆಯವರ ಕುರ್ಚಿಯ ಹಿಂದೆ ನಿಲ್ಲಿಸಿದರು. ತಾವು ಹೋಟೆಲಿನ ನಡುವೆ ಮತ್ತೊಬ್ಬರ ಹಿಂದೆ ನಿಂತರು. ಫ್ಯಾಮಿಲಿ ರೂಮಿನಲ್ಲಿ ಒಂಬತ್ತು ಜನರ ಒಂದು ಸಂಸಾರ ಪರದೆ ಎಳೆದುಕೊಂಡು ಕೂತಿತ್ತು. ಅದು ಅಲ್ಲಾಡುವ ಲಕ್ಷಣ ಇರಲಿಲ್ಲ. ಆದ್ದರಿಂದ ಗಂಗಾಬಾಯಿಯನ್ನು ಎದುರು ಮೂಲೆಗೆ ಕಳಿಸಿದರು. ಅಲ್ಲಿ ಸಂದುಸಂದಾದ ಮರದ ತಡಿಕೆಯ ಮರೆಯಲ್ಲಿ ಹೆಂಗಸರಿಗೆಂದು ಒಂದು ಬೆಂಚು, ಒಂದು ಮೇಜು ಇತ್ತು. ಕೂಡಿ ಬಂದ ಮೂವರೂ ಮೂರು ದಿಕ್ಕಾದೆವು.

ಎರಡು ಮೂಲೆ

ನನ್ನ ಮುಂದಿನ ದಪ್ಪ ಮಹಾಶಯರು ಒಬ್ಬಟ್ಟನ್ನು ತಟ್ಟೆಯಷ್ಟು ಅಗಲದ ಪತ್ರದಂತೆ ಬಿಡಿಸಿ, ತುಪ್ಪ ಸವರಿ, ಮಡಚಿ, ಮತ್ತೆ ಬಿಡಿಸಿ ಉಣ್ಣುತ್ತಿದ್ದರು. ಅವರು ಮೂರನೆಯದನ್ನು ಮುಗಿಸುವ ಹೊತ್ತಿಗೆ ಹಲಗೆಯ ಮೇಲಿನ ಒಬ್ಬಟ್ಟು ಅಳಿಸಿಹೋಯಿತು. ನಾನು ಕೂತೆ. ಎಲೆ ಬಂತು. ನೀರು ಚಿಮುಕಿಸಿ ಒರೆಸಿಕೊಂಡೆ. ಬಹಳ ಹೊತ್ತು ಅದೇ ನನ್ನ ಊಟವಾಗಿತ್ತು.

"ಚಿತ್ರಾನ್ನ?" ಎಂದು ಮಾಣಿಯನ್ನು ಕೇಳಿದೆ.

"ಆಯ್ತು ಸಾರ್."

"ಕೋಸಂಬರಿ?"

"ಅದೂ ಆಯ್ತು."

"ಏನೈತಿ ಹಂಗಾದ್ರ?"

"ಅನ್ನ ಇದೆ, ಸಾರು ಇದೆ. ಬಿಸಿ ಇಲ್ಲ. ಅಡಿಗೆ ಭಟ್ಟರು ಬೆಳಿಗ್ಗೇನೇ ಎಲ್ಲಾ ಮಾಡಿಟ್ಟು ಊರಿಗೆ ಹೋದ್ರು. ಅವರಿಗೂ ಹಬ್ಬ ಇಲ್ವಾ ಸಾರ್?"

ಭಟ್ಟರ ಹಬ್ಬಕ್ಕೆ ಅಡ್ಡಿ ಮಾಡಲು ನಾನು ಯಾರು? ತಣ್ಣಗಿನ ಅನ್ನ, ಅದರ ಮೇಲೆ ತಣ್ಣಗಿನ ಸಾರು. ಸಾರಿನಲ್ಲಿ ಬೆಲ್ಲ. ನಮ್ಮ ಕಡೆಯ ನಾಲಗೆ ಖಾರಕ್ಕೆಂದು ಸಿದ್ಧವಾಗಿ ಬಾಯಿ ತೆರೆದರೆ ಅಲ್ಲಿ ಸಿಹಿ ಬಂದು ಕೂತಿತು. ಒಬ್ಬಟ್ಟಿಗೆ ಹಾಕಬೇಕಾದ ಬೆಲ್ಲವನ್ನು ಭಟ್ಟರು ಅವಸರದಲ್ಲಿ ಸಾರಿಗೇ ಹಾಕಿ ಗಾಡಿ ಹಿಡಿದಿರಬೇಕು.

ಎರಡು ತುತ್ತು ಉಂಡಿರಲಿಲ್ಲ, ಬೆನ್ನ ಹಿಂದೆ ಬಿಸಿ ಉಸಿರು ತಾಕಿತು. ಜರಿ ಪಂಚೆಯ ಒಬ್ಬರು ನನ್ನ ಕುರ್ಚಿಗೆ ಕೈಯೂರಿ ನಿಂತಿದ್ದರು.

"ಸಾರು ಬಿಟ್ಬಿಟ್ರಲ್ಲ ಸ್ವಾಮಿ" ಎಂದರು.

"ಉಣ್ಣಲಿಕ್ಕತ್ತೀನಿ."

"ನಿಧಾನವಾಗಿ ತಿನ್ನಿ, ಪರವಾಗಿಲ್ಲ" ಎಂದು, ತಟ್ಟನೆ ತಮ್ಮ ಹೆಂಡತಿಗೆ, "ಬಾರೇ, ಇವರದು ಆಗ್ತಾ ಬಂತು" ಎಂದು ಕೂಗಿದರು. ಆಕೆಯೂ ಬಂದು ನಿಂತರು. ಇಬ್ಬರೂ ಕೂಡಿ ನನ್ನ ಎಲೆಯನ್ನು ಪರೀಕ್ಷೆ ಮಾಡತೊಡಗಿದರು. ನಾನು ಉಪ್ಪಿನಕಾಯಿ ಮುಟ್ಟಿದರೆ ಅವರಿಗೆ ಬೇಸರ, ಅನ್ನ ಕಲಸಿದರೆ ಸಂತೋಷ. ಮೊಸರನ್ನ ಬರುವುದಿದೆ ಎಂದು ನಾನು ಕೈಕಟ್ಟಿ ಕೂತಾಗ ಜರಿ ಪಂಚೆಯವರ ತಾಳ್ಮೆ ಮುಗಿಯಿತು.

"ಏನ್ ಸ್ವಾಮಿ, ಹಬ್ಬದ ದಿನ ಹೀಗೆ ಕೂತ್ರೆ ಹೇಗೆ? ಬೇರೆಯವರೂ ಹಸ್ಕೊಂಡ್ ಬಂದಿದಾರೆ. ಏಳಿ."

ನನ್ನ ಸಹಾಯಕ್ಕೆ ವೆಂಕಟಸುಬ್ಬಯ್ಯನವರು ಬಂದರು. ಬಂದರು ಎಂದರೆ, ಹೋಟೆಲಿನ ಆ ನಡುವಿನಿಂದ, ತಮ್ಮ ಕುರ್ಚಿ ಬಿಡದೆ, ಸ್ವರದ ಮೂಲಕ ಬಂದರು.

"ರೀ ಸ್ವಾಮಿ! ಅವರ್ಯಾರು ಗೊತ್ತೇನ್ರೀ? ನಮ್ಮ ಕಂಪ್ನಿ ಮ್ಯಾನೇಜರ್ರು! ಧಾರವಾಡದಿಂದ ಇಲ್ಲಿಗೇ ಬಂದ್ಬಿಡ್ತಿದಾರೆ. ನಾನೂ ನನ್ನ ಕುಟುಂಬವೂ ಒಪ್ಪಿದೀವಿ ಅಂತ ಹೋದ ತಿಂಗಳೇ ಕಾಗದ ಬರೆದಾಗಿದೆ. ಆಫೀಸಲ್ಲಿ ಸ್ವೀಟು ಹಂಚಿದೀವಿ! ನಾಳೆಯಿಂದ ಅವರೂ ಜಯನಗರದವರೇ. ಸಮಾಧಾನವಾಗಿ ಊಟ ಮಾಡ್ಲಿ ಬಿಡ್ರೀ!"

ಹೋಟೆಲೆಲ್ಲ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿತು. ಎಲ್ಲ ತಲೆಗಳೂ ನನ್ನ ಕಡೆ ತಿರುಗಿದವು. ನಾನು ನೋಡಿದ್ದು ಒಂದೇ ತಲೆಯನ್ನು. ಎದುರು ಮೂಲೆಯ ತಡಿಕೆಯ ಮೇಲಿಂದ ಗಂಗಾಬಾಯಿ ನನ್ನನ್ನು ನೋಡುತ್ತಿದ್ದಳು. ಆಕೆ ಕೂತಿರಲಿಲ್ಲ, ಇನ್ನೂ ಯಾರದೋ ಹಿಂದೆ ನಿಂತೇ ಇದ್ದಳು. ಮುಖದಲ್ಲಿ ಸಿಟ್ಟು ಕಂಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಹಬ್ಬದ ಸಂಜೆ, ಹೊಸ ಇಳಕಲ್ ಸೀರೆ ಉಟ್ಟು, ಪರವೂರಿನ ಗುಂಪಿನ ನಡುವೆ ಹಸಿದು ನಿಂತ ಆಕೆಯ ಕಣ್ಣು ತುಂಬಿ ಬಂದಿತ್ತು.

ಅಲ್ಲಿ ತುಂಬಿದ ಬೆಂಚಿನ ಮೇಲೆ ಒಬ್ಬ ಹೆಂಗಸು ಜೊತೆಗಾರರಿಲ್ಲದೆ ಕೂತು ಉಣ್ಣುತ್ತಿದ್ದರು. ಐವತ್ತರ ಹತ್ತಿರದವರು, ಕನ್ನಡಕ, ಬಿಳಿಯ ಸೀರೆಗೆ ಸಣ್ಣ ಅಂಚು, ಪಕ್ಕದಲ್ಲಿ ಒಂದು ಕೈಚೀಲ. ಅವರು ತಲೆಯೆತ್ತಿ ಗಂಗಾಬಾಯಿಯ ಮುಖ ನೋಡಿದರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಗೆ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದರು. ಗಂಗಾಬಾಯಿ ಕೂತಳು. ಇಡೀ ಸಂಜೆ ಆ ಹೋಟೆಲಿನಲ್ಲಿ ತಾವು ಏಳುವ ಮೊದಲೇ ಮತ್ತೊಬ್ಬರಿಗೆ ಜಾಗ ಕೊಟ್ಟವರು ಅವರೊಬ್ಬರೇ.

ಮುಂದಿನದೆಲ್ಲ ನಾನು ದೂರದಿಂದ ಕಂಡದ್ದು, ಮಾತು ಕೇಳಿಸುವಂತಿರಲಿಲ್ಲ. ಮಾಣಿ ಅಲ್ಲಿ ಹೋಗಿ ಎರಡೂ ಕೈ ಅಲ್ಲಾಡಿಸಿದ. ಮೊಸರನ್ನವೂ ಮುಗಿಯಿತು ಎಂದು ನನಗೆ ತಿಳಿಯಿತು. ಆ ಹೆಂಗಸು ಮಾಣಿಗೆ ಏನೋ ಹೇಳಿ ಎರಡು ಬೆರಳು ತೋರಿಸಿದರು. ಒಂದು ಕಾಫಿ ಬಂತು, ಅದರ ಜೊತೆಗೆ ಒಂದು ಖಾಲಿ ಲೋಟ. ಅವರು ಕಾಫಿಯನ್ನು ಎತ್ತರದಿಂದ ಖಾಲಿ ಲೋಟಕ್ಕೆ ಸುರಿದು, ಎರಡನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಒಂದರಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚಿತ್ತೋ ಏನೋ, ಅದನ್ನು ಗಂಗಾಬಾಯಿಯ ಮುಂದೆ ಸರಿಸಿದರು. ಗಂಗಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಲೋಟ ತೆಗೆದುಕೊಂಡಳು. ಆಮೇಲೆ ಅವರಿಬ್ಬರೂ ತಲೆಗೆ ತಲೆ ತಾಕುವ ಹಾಗೆ ಕೂತು ಮಾತಾಡಿದರು. ಅರ್ಧ ಲೋಟ ಕಾಫಿಯನ್ನು ಅರ್ಧ ಗಂಟೆ ಕುಡಿಯಬಹುದೆಂದು ನನಗೆ ಅಂದೇ ಗೊತ್ತಾಯಿತು.

ನಾನು ಜರಿ ಪಂಚೆಯವರಿಗೆ ಕುರ್ಚಿ ಬಿಟ್ಟು ಹೊರಗೆ ಬಂದೆ. ಹಲಗೆಯ ಮೇಲೆ ಯುಗಾದಿಯ ಶುಭಾಶಯಗಳು ಎಂಬ ಸಾಲೊಂದೇ ಉಳಿದಿತ್ತು.

ಮತ್ತೆ ಹರಿಹರ

ಮರುದಿನ ಬೆಳಗಿನ ಗಾಡಿಗೆ ಹಿಂದಿರುಗಿದೆವು. ಬೀಳ್ಕೊಡಲು ಬಂದ ವೆಂಕಟಸುಬ್ಬಯ್ಯನವರಿಗೆ ತಾವು ಮಾಡಿದ್ದೇನೆಂದು ಕೊನೆಗೂ ತಿಳಿಯಲಿಲ್ಲ. "ಊಟ ಸ್ವಲ್ಪ ಹೆಚ್ಚು ಕಡಿಮೆ ಆಯ್ತು ಸಾರ್. ನೀವು ಬರೋ ಹೊತ್ತಿಗೆ ಇನ್ನೊಂದು ಹೋಟ್ಲು ಬರುತ್ತೆ" ಎಂದರು.

ಗಂಗಾಬಾಯಿ ಮಾತಾಡಲಿಲ್ಲ. ಹೋಟೆಲಿನಿಂದ ಮನೆಗೆ ನಡೆದು ಬರುವಾಗಲೂ ಮಾತಾಡಿರಲಿಲ್ಲ. ತಿಪಟೂರಿನಲ್ಲಿ ನಾನು ಎಳನೀರು ತಂದುಕೊಟ್ಟೆ, ಕುಡಿದಳು. ಕಡೂರಿನಲ್ಲಿ ಬಾಳೆಹಣ್ಣು ಸುಲಿದು ಕೊಟ್ಟೆ, ತಿಂದಳು. ಚಿಕ್ಕಜಾಜೂರಿನಲ್ಲಿ ಕಿಟಕಿಯ ಬಿಸಿಲಿಗೆ ನನ್ನ ಧೋತರ ಕಟ್ಟಿದೆ, ನೆರಳಲ್ಲಿ ಕೂತಳು. ಹದಿನಾರು ವರ್ಷದಲ್ಲಿ ನಾನು ಆಕೆಗೆ ಇಷ್ಟು ಉಪಚಾರ ಮಾಡಿದ್ದು ಇಲ್ಲ. ಪಾತ್ರೆ ಪಗಡೆ ಏನಾದರೂ ಇದ್ದಿದ್ದರೆ ಮೃದುವಾಗಿ ಇಡುತ್ತಿದ್ದಳು. ಗಾಡಿಯಲ್ಲಿ ಏನೂ ಇರಲಿಲ್ಲ.

ದಾವಣಗೆರೆ ದಾಟಿದ ಮೇಲೆ ನಾನೇ ಸೋತೆ. "ತಪ್ಪಾತು" ಎಂದೆ. "ಮ್ಯಾನೇಜರ್ ಆಗೂ ಆಸೆಗೆ ಬರೆದೆ. ನಾಳೆ ಬ್ಯಾಡ ಅಂತ ಇನ್ನೊಂದು ಕಾಗದ ಬರೀತೀನಿ."

ಆಕೆ ಕಿಟಕಿಯ ಹೊರಗೇ ನೋಡುತ್ತ ಹೇಳಿದಳು: "ಆ ಕಾಫಿ ಕೊಟ್ಟವರ ಹೆಸರು ಸರೋಜಮ್ಮ ಅಂತ. ಸಾಲ್ಯಾಗ ಕಲಸತಾರ. ಮದಿವಿ ಆಗಿಲ್ಲ. ನಾವು ಇಳಿದಿದ್ದ ಮನಿಯಿಂದ ಎರಡನೇ ಅಡ್ಡ ಓಣಿ, ಮುಂದ ನುಗ್ಗಿ ಗಿಡ ಐತಂತ. ನಾಕು ವರ್ಷದ ಹಿಂದ ಬಂದಾಗ ಅವರೂ ಹಿತ್ತಲದಾಗ ನಿಂತು ಯಾರನ್ನ ಕರೀಲಿ ಅಂತ ಅತ್ತಿದ್ದರಂತ."

ನಾನು ಆಕೆಯ ಹತ್ತಿರ ಸರಿದು ಕೂತೆ.

"ಹಬ್ಬದ ದಿನ ಹೋಟೆಲಿಗೆ ಯಾಕ ಬಂದ್ರಿ ಅಂದೆ. ಒಬ್ಬಳಿಗೋಸ್ಕರ ಯಾರು ಒಬ್ಬಟ್ಟು ಮಾಡ್ತಾರೆ ಅಂದ್ರು. ನೀವು ಬನ್ನಿ, ಇಬ್ಬರಾದ್ರೆ ಮಾಡ್ತೀನಿ ಅಂದ್ರು." ಆಕೆ ನನ್ನ ಕಡೆ ತಿರುಗಿದಳು. "ನನ್ನ ಗುರುತಿಲ್ಲ, ಪರಿಚಯ ಇಲ್ಲ. ಅವರು ತಮ್ಮ ಒಂದು ಲೋಟ ಕಾಫಿ ನನ್ನ ಕೂಡ ಹಂಚಿಕೊಂಡರು. ನೀವು ಹದಿನಾರು ವರ್ಷ ನನ್ನ ಕೂಡ ಬಾಳೇ ಮಾಡಿ ಒಂದು ಕಾಗದ ಹಂಚಿಕೊಳ್ಳಲಿಲ್ಲ. ನನ್ನ ಹೂಂ ಸುದ್ದಾ ನೀವ ಕುಡದ್ರಿ."

ನನಗೆ ಬಹಳ ನಾಚಿಕೆಯಾಯಿತು. ಎದುರಿಗೆ ಕೂತಿದ್ದ ಪ್ರಯಾಣಿಕರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು. ಅವರಿಗೂ ಮದುವೆಯಾಗಿರಬೇಕು.

"ಕಾಗದ, ಪೆನ್ನು ತೆಗೀರಿ" ಎಂದಳು ಗಂಗಾಬಾಯಿ. ಬೇಡ ಎಂದು ಬರೆಸುತ್ತಾಳೆ ಎಂದುಕೊಂಡು, ತೊಡೆಯ ಮೇಲೆ ಕೈಪೆಟ್ಟಿಗೆ ಇಟ್ಟುಕೊಂಡು ಬರೆಯಲು ಕೂತೆ. ಮ್ಯಾನೇಜರ್ ಎಂಬ ಶಬ್ದಕ್ಕೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ. ಆಕೆ ಹೇಳುತ್ತಾ ಹೋದಳು, ನಾನು ಅದನ್ನು ಕಂಪನಿಯ ಭಾಷೆಗೆ ತಿರುಗಿಸುತ್ತಾ ಹೋದೆ: "ಹೋದ ತಿಂಗಳು ನಾನು ಬರೆದ ಕಾಗದದಲ್ಲಿ ಕುಟುಂಬದ ಒಪ್ಪಿಗೆ ಎಂದು ಬರೆದದ್ದು ಸುಳ್ಳು. ಅದು ನನ್ನ ಅರ್ಧ ಮಾತ್ರ. ಉಳಿದ ಅರ್ಧವನ್ನು ನನ್ನ ಹೆಂಡತಿ ಈಗ ಜಯನಗರವನ್ನು ನೋಡಿ ಬಂದು ಕೊಡುತ್ತಿದ್ದಾಳೆ. ಬೀಸುವ ಕಲ್ಲು ಒಂದನ್ನು ಗಾಡಿಯಲ್ಲಿ ಸಾಗಿಸಲು ಕಂಪನಿಯವರು ಏರ್ಪಾಡು ಮಾಡಬೇಕು."

ನಾನು ತಲೆಯೆತ್ತಿ ನೋಡಿದೆ. "ಹಂಗಾದ್ರ ಬರ್ತೀಯೇನು? ನಿನ್ನಿ ಸಂಜಿಗೆ ಹೊಟ್ಟಿಗೆ ಒಂದು ತುತ್ತೂ ಬೀಳಲಿಲ್ಲಲ್ಲ?"

"ಊಟದ ಮಾತು ತೆಗೀಬ್ಯಾಡ್ರಿ" ಎಂದಳು. "ಅಂಥಾ ಊಟ ನನ್ನ ವೈರಿಗೂ ಬ್ಯಾಡ. ಊಟ ನಾ ಮಾಡಿ ಹಾಕತೀನಿ. ಮುಂದಿನ ಯುಗಾದಿಗೆ ಸರೋಜಮ್ಮ ನಮ್ಮ ಮನಿಗೆ."

ಗಾಡಿ ಹರಿಹರದ ಸೇತುವೆಯ ಮೇಲೆ ಹತ್ತಿತು. ಕೆಳಗೆ ಹೊಳೆ ಸಂಜೆಯ ಬಿಸಿಲಿನಲ್ಲಿ ತೆಳ್ಳಗೆ ಹರಿಯುತ್ತಿತ್ತು. ಹೋಗುವಾಗ ಕಂಡಷ್ಟು ಅಗಲವೂ ಇರಲಿಲ್ಲ. ಸಹಿ ಮಾಡಲು ಹೋದೆ. ಗಂಗಾಬಾಯಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಮೊದಲು ತನ್ನ ಹೆಸರು ಬರೆದಳು, ಆಮೇಲೆ ಪೆನ್ನು ನನಗೆ ಕೊಟ್ಟಳು. ಆಕೆಯ ಸಹಿಯ ಪಕ್ಕದಲ್ಲಿ ನನಗೆಂದು ಸರಿಯಾಗಿ ಅರ್ಧ ಸಾಲಿನ ಜಾಗ ಬಿಟ್ಟಿದ್ದಳು.